ಸಗರನಾಡಿನ ನೆಟ್ಟನೆಯ ದಾರಿ

ಯಾದಗಿರಿ ಸೀಮೆಯಲ್ಲಿ ಘಾಟಿ ಇಲ್ಲ. ಆಗುಂಬೆಯ ತಿರುವಿಲ್ಲ, ಚಾರ್ಮಾಡಿಯ ಮಂಜಿಲ್ಲ, ಕಾಫಿ ತೋಟದ ತಂಪಿಲ್ಲ. ಬೈಕ್ ಪ್ರವಾಸ ಎಂದೊಡನೆ ಬೆಂಗಳೂರಿನ ಹುಡುಗರ ಗಾಡಿಗಳು ಮಲೆನಾಡಿಗೇ ಮುಖ ಮಾಡುತ್ತವೆ. ಈ ಕಡೆಯ ಹುಡುಗರೂ ಅಷ್ಟೇ, ನಾಲ್ಕು ದಿನ ರಜೆ ಸಿಕ್ಕರೆ ಗೋವಾ ಎನ್ನುತ್ತಾರೆ. ಮನೆ ಮುಂದಿನ ಗುಡ್ಡ ಯಾರಿಗೆ ಬೇಕು!

ಆದರೆ ನೋಡುವ ಕಣ್ಣಿದ್ದವರಿಗೆ ಭೀಮಾ ಮತ್ತು ಕೃಷ್ಣಾ ನದಿಗಳ ನಡುವಿನ ಈ ಸಗರನಾಡು ಬೇರೆಲ್ಲೂ ಸಿಗದ ನೋಟ ಕೊಡುತ್ತದೆ. ಕಣ್ಣು ಹಾಯುವಷ್ಟು ದೂರ ಎರೆಹೊಲ, ಅದರ ನಡುವೆ ಇದ್ದಕ್ಕಿದ್ದಂತೆ ಎದ್ದ ಬಂಡೆಗುಡ್ಡ. ಕಾಲುವೆ ನೀರು ಹರಿದಲ್ಲಿ ಹಸಿರು ಗದ್ದೆ, ಹರಿಯದಲ್ಲಿ ತೊಗರಿ, ಹತ್ತಿ, ಬಿಳಿಜೋಳ. 2009ರ ಡಿಸೆಂಬರ್ 30ರಂದು ಕಲಬುರಗಿಯಿಂದ ಬೇರ್ಪಟ್ಟು ಜಿಲ್ಲೆಯಾದ ಯಾದಗಿರಿಯಿಂದ ಶಹಾಪುರಕ್ಕೆ ಸುಮಾರು 35 ಕಿಲೋಮೀಟರ್, ಅಲ್ಲಿಂದ ಸುರಪುರಕ್ಕೆ 25ರ ಆಸುಪಾಸು. ಒಟ್ಟು ಅರವತ್ತು. ಜೋರು ಹೊಡೆದರೆ ಒಂದೂಕಾಲು ತಾಸಿನ ದಾರಿ. ಜೋರು ಹೊಡೆದವನಿಗೆ ಏನೂ ಕಾಣಿಸುವುದಿಲ್ಲ ಎಂಬುದು ಒಂದು ಮಾತು. ಜೋರು ಹೊಡೆಯುತ್ತಲೇ ನೋಡಲು ಹೋದವನ ಗತಿ ಇನ್ನೊಂದು ಮಾತು. ಈ ಲೇಖನ ಎರಡನೆಯವನನ್ನು ಕುರಿತದ್ದು.

ಘಾಟಿಯಲ್ಲಿ ರಸ್ತೆಯೇ ಸವಾರನನ್ನು ಹೆದರಿಸಿ ಎಚ್ಚರದಲ್ಲಿಡುತ್ತದೆ. ಎದುರಿಗೆ ತಿರುವು, ಕೆಳಗೆ ಪ್ರಪಾತ. ಎಂಥ ಉಡಾಳನೂ ಅಲ್ಲಿ ಗೇರು ಇಳಿಸುತ್ತಾನೆ. ನೆಟ್ಟನೆಯ ರಸ್ತೆ ಹಾಗಲ್ಲ. ಅದು ಏನೂ ಆಗುವುದಿಲ್ಲ ಎಂಬ ಭರವಸೆ ಕೊಡುತ್ತದೆ. ಗಾಡಿ ತಾನೇ ಎಂಬತ್ತಕ್ಕೆ ಏರುತ್ತದೆ, ಕಣ್ಣು ತಾನೇ ಬದಿಗೆ ಹೊರಳುತ್ತದೆ. ಬದಿಯಲ್ಲಿ ಬುದ್ಧ ಮಲಗಿದ್ದಾನೆ.

ಶಹಾಪುರದ ಬುದ್ಧ ಮಲಗಿದ ಬೆಟ್ಟವನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ, ಕಾಣದವರಿಗೆ ವಿವರಿಸಿದರೂ ನಂಬುವುದಿಲ್ಲ. ಅದು ಒಂದು ಬೆಟ್ಟವಲ್ಲ, ಬೇರೆ ಬೇರೆ ನಿಂತಿರುವ ನಾಲ್ಕು ಬೆಟ್ಟಗಳ ಸಾಲು. ಹತ್ತಿರ ಹೋದರೆ ಬರೀ ಬಂಡೆ, ಕುರುಚಲು, ಸೀತಾಫಲದ ಗಿಡ. ಊರಿನಿಂದ ಹೊರಗೆ, ಬಯಲಿಗೆ ಸರಿದು ಸರಿಯಾದ ಕೋನದಲ್ಲಿ ನಿಂತಾಗ ಮಾತ್ರ ಹಣೆ, ಮೂಗು, ತುಟಿ, ಗದ್ದ, ಎದೆ, ಚಾಚಿದ ಕಾಲು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ನೂರಿನ್ನೂರು ಮೀಟರ್ ಮುಂದೆ ಹೋದರೆ ಮೂಗು ಕರಗುತ್ತದೆ, ಇನ್ನಷ್ಟು ಹೋದರೆ ಬುದ್ಧನೇ ಇಲ್ಲ. ಅಂದರೆ ಇದು ಚಲಿಸುವವನಿಗೆ ಕೆಲವೇ ಸೆಕೆಂಡು ಸಿಗುವ ನೋಟ. ಆ ಸೆಕೆಂಡುಗಳಿಗಾಗಿ ಸವಾರ ಕತ್ತು ಹೊರಳಿಸುತ್ತಾನೆ, ಹಿಂದೆ ಕುಳಿತವರು ಭುಜ ತಟ್ಟಿ ‘ಅಲ್ಲಿ ನೋಡ್, ಅಲ್ಲಿ ನೋಡ್’ ಎಂದು ಕೈ ಚಾಚುತ್ತಾರೆ.

ಬೈಕಿನ ಒಂದು ಗುಣವೆಂದರೆ ಕಣ್ಣು ಹೋದ ಕಡೆಗೆ ಅದು ಹೋಗುತ್ತದೆ. ಕತ್ತು ತಿರುಗಿದರೆ ಭುಜ ತಿರುಗುತ್ತದೆ, ಭುಜ ತಿರುಗಿದರೆ ಹ್ಯಾಂಡಲ್ ಮೇಲಿನ ಒತ್ತು ಬದಲಾಗುತ್ತದೆ. ಗಾಡಿ ಕಲಿಸುವವರು ‘ಗುಂಡಿ ನೋಡಬೇಡ, ಗುಂಡಿಯ ಪಕ್ಕದ ದಾರಿ ನೋಡು’ ಎನ್ನುವುದು ಇದಕ್ಕೇ. ಗುಡ್ಡಕ್ಕೂ ಅದೇ ಲೆಕ್ಕ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಬುದ್ಧನ ಮೂಗನ್ನು ಮೂರು ಸೆಕೆಂಡು ದಿಟ್ಟಿಸಿದರೆ ಐವತ್ತು ಮೀಟರ್ ಕುರುಡಾಗಿ ಓಡಿದ ಹಾಗೆ. ಈ ಜಿಲ್ಲೆಯ ರಸ್ತೆಗಳಲ್ಲಿ ಐವತ್ತು ಮೀಟರ್ ಒಳಗೆ ಏನೇನು ಇರುತ್ತದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಹಾಗಾಗಿ ನಿಲ್ಲಬೇಕು. ನಿಂತು ನೋಡಬೇಕು. ಕೇಳುವುದಕ್ಕೆ ಸುಲಭ, ಮಾಡಲು ಹೋದರೆ ಅದೂ ಒಂದು ವಿದ್ಯೆ. ಡಾಂಬರಿನ ಅಂಚಿನಲ್ಲೇ ಗಾಡಿ ನಿಲ್ಲಿಸಿ ಹೆಲ್ಮೆಟ್ ತೆಗೆದು ಕನ್ನಡಿಗೆ ನೇತುಹಾಕಿ ಸೆಲ್ಫಿಗೆ ನಿಲ್ಲುವವರು ಹಿಂದಿನಿಂದ ಬರುವ ಲಾರಿಯ ಪಾಲಿಗೆ ಒಂದು ಅಡ್ಡಿ ಅಷ್ಟೇ. ಸರಿ, ಡಾಂಬರಿನಿಂದ ಕೆಳಗಿಳಿಸಿದರೆ ಎರೆಮಣ್ಣು. ಬೇಸಿಗೆಯಲ್ಲಿ ಅಂಗೈ ಅಗಲದ ಬಿರುಕು, ಮಳೆಗಾಲದಲ್ಲಿ ಸೈಡ್ ಸ್ಟ್ಯಾಂಡ್ ಮೆಲ್ಲಗೆ ಹೂತು, ನೀವು ಬುದ್ಧನಿಗೆ ಕೈಮುಗಿಯುವ ಹೊತ್ತಿಗೆ ಗಾಡಿಯೂ ಅವನ ಹಾಗೆಯೇ ಮಲಗಿರುತ್ತದೆ. ಈ ಸೀಮೆಯವರು ಸ್ಟ್ಯಾಂಡಿನ ಕೆಳಗೆ ಪರಸಿಯ ಚೂರೊಂದನ್ನು ಇಟ್ಟುಕೊಳ್ಳುತ್ತಾರೆ. ಎರೆಮಣ್ಣಿನ ಕೆಸರಿನಲ್ಲಿ ಇನ್ನೂ ಒಂದು ಕಾಟ ಇದೆ: ಅದು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಚಕ್ರವನ್ನೇ ಕಚ್ಚಿ ಹಿಡಿಯುತ್ತದೆ. ಹೊಲದ ದಾರಿಯಲ್ಲಿ ಕಡ್ಡಿಯಿಂದ ಕೆಸರು ಕೆತ್ತುತ್ತ ಕೂತ ರೈತರನ್ನು ಜುಲೈ, ಆಗಸ್ಟಿನಲ್ಲಿ ಎಷ್ಟು ಬೇಕಾದರೂ ನೋಡಬಹುದು. ಆದ್ದರಿಂದ ನಿಲ್ಲುವುದಾದರೆ ಹೋಟೆಲಿನ ಮುಂದೆ, ಪೆಟ್ರೋಲ್ ಬಂಕಿನಲ್ಲಿ, ಊರ ಅಗಸಿಯಲ್ಲಿ, ಇಲ್ಲವೇ ಮೊರಂ ಹಾಕಿ ಗಟ್ಟಿ ಮಾಡಿದ ಹೊಲದ ಬಾಯಿಯಲ್ಲಿ. ಅಲ್ಲೊಂದು ಚಹಾ, ಒಂದು ಪ್ಲೇಟು ಸೂಸಲ, ಎರಡು ಮಿರ್ಚಿ. ಬುದ್ಧ ಅಲ್ಲೇ ಇರುತ್ತಾನೆ, ಅವಸರವಿಲ್ಲ.

ರಸ್ತೆಯೇ ಕಣ

ಈಗ ಆ ಐವತ್ತು ಮೀಟರಿನ ಸಂಗತಿ.

ಸುಗ್ಗಿಯಲ್ಲಿ ಈ ಕಡೆ ರಸ್ತೆಯೇ ಕಣ. ಮೊದಲು ಸಗಣಿ ಸಾರಿಸಿ, ನಡುವೆ ಮೇಟಿ ನೆಟ್ಟು, ಎತ್ತು ಕಟ್ಟಿ ಒಕ್ಕುತ್ತಿದ್ದ ಕಾಲವಿತ್ತು. ಎತ್ತುಗಳು ಕಡಿಮೆಯಾದವು, ಆಳುಗಳು ದುಬಾರಿಯಾದವು, ಡಾಂಬರು ರಸ್ತೆ ಬಂತು. ಸಜ್ಜೆ, ತೊಗರಿ, ಹುರುಳಿಯನ್ನು ರಸ್ತೆಯ ಮೇಲೆ ಹರವಿದರೆ ಓಡಾಡುವ ಗಾಡಿಗಳೇ ಒಕ್ಕಿಕೊಡುತ್ತವೆ. ಕೂಲಿ ಇಲ್ಲ, ಬಾಡಿಗೆ ಇಲ್ಲ. ಭತ್ತ ಒಣಗುವುದೂ ಅಲ್ಲೇ. ಪ್ರತಿ ವರ್ಷ ಅಧಿಕಾರಿಗಳು ರಸ್ತೆಯ ಮೇಲೆ ರಾಶಿ ಮಾಡಬೇಡಿ ಎನ್ನುತ್ತಾರೆ, ಪ್ರತಿ ವರ್ಷ ರಾಶಿ ನಡೆಯುತ್ತದೆ. ರೈತರನ್ನು ಬೈದು ಪ್ರಯೋಜನವಿಲ್ಲ. ಊರಿಗೊಂದು ಸಿಮೆಂಟ್ ಕಣ ಇಲ್ಲದೆ ಇದು ನಿಲ್ಲುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಸವಾರನ ಪಾಲಿಗೆ ಅದು ಅಭಿಪ್ರಾಯದ ವಿಷಯವಲ್ಲ. ಒಣ ಕಟ್ಟಿಗೆ, ಹೊಟ್ಟಿನ ಮೇಲೆ ಟೈರಿಗೆ ಹಿಡಿತವೇ ಇರುವುದಿಲ್ಲ. ಅದರ ಮೇಲೆ ಏರಿದ ಮೇಲೆ ಮುಂದಿನ ಬ್ರೇಕ್ ಹಿಡಿದರೆ ಗಾಡಿ ಕೈಗೆ ಸಿಗುವುದಿಲ್ಲ. ದೂರದಿಂದಲೇ ವೇಗ ಇಳಿಸಿ, ಗೇರು ಇಳಿಸಿ, ಹ್ಯಾಂಡಲ್ ನೆಟ್ಟಗೆ ಹಿಡಿದು, ಬ್ರೇಕ್ ಮುಟ್ಟದೆ, ತಿರುವು ಕೊಡದೆ ದಾಟಬೇಕು. ಬದಿಗೆ ಖಾಲಿ ಜಾಗವಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ.

ರಾಶಿಗಿಂತ ಕೆಟ್ಟದ್ದು ರಾಶಿಯ ಗಡಿ. ಗಾಡಿಗಳು ಕಾಳಿನ ಮೇಲೆ ಹಾಯಬಾರದೆಂದು ಭತ್ತದ ಸುತ್ತ ಕಲ್ಲು ಸಾಲಾಗಿ ಇಟ್ಟಿರುತ್ತಾರೆ. ಸಂಜೆ ಕಾಳು ತುಂಬಿಕೊಂಡು ಮನೆಗೆ ಹೋಗುವಾಗ ಕಲ್ಲು ಅಲ್ಲೇ ಉಳಿಯುತ್ತವೆ. ಹಗಲು ಅವು ಕಲ್ಲು. ರಾತ್ರಿ ಏನೆಂದು ಹೇಳಬೇಕಾಗಿಲ್ಲ.

ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಗದ್ದೆ ಬಂತು, ಗದ್ದೆಯ ಜೊತೆ ಟ್ರ್ಯಾಕ್ಟರಿನ ಕೇಜ್ ವೀಲ್ ಬಂತು. ನಾಟಿ ಹಂಗಾಮಿನಲ್ಲಿ ಅವು ಗದ್ದೆಯಿಂದ ಗದ್ದೆಗೆ ರಸ್ತೆಯ ಮೇಲೇ ಹೋಗುತ್ತವೆ. ಡಾಂಬರಿನ ಮೇಲೆ ಗೀರು, ಗೀರಿನ ಮೇಲೆ ಕೆಸರು. ಮೇಲೆ ನಾಲ್ಕು ಹನಿ ಮಳೆ ಬಿದ್ದರೆ ಸಾಕು, ಎಂಥ ದುಬಾರಿ ಟೈರೂ ಜಾರುತ್ತದೆ. ನವೆಂಬರಿನಿಂದ ಹತ್ತಿಯ ಕಾಲ. ಎರಡೂ ಬದಿಗೆ ಉಬ್ಬಿಕೊಂಡು ಜಿನ್ನಿಂಗ್ ಮಿಲ್ಲಿನ ದಾರಿ ಹಿಡಿದ ಲಾರಿ, ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡರೆ ಮುಂದಿನದು ಏನೂ ಕಾಣದು, ಅವನ ಕನ್ನಡಿಯಲ್ಲಿ ನೀವೂ ಕಾಣುವುದಿಲ್ಲ. ಹಿಂದೆ ಸರಿದು ನಿಧಾನಕ್ಕೆ ಬರುವುದೊಂದೇ ದಾರಿ.

ಬೆಳಗ್ಗೆ ಎಂಟರಿಂದ ಒಂಬತ್ತು, ಸಂಜೆ ಐದರಿಂದ ಆರು. ಈ ಎರಡು ಹೊತ್ತು ಟಂಟಂ ಆಟೊಗಳದ್ದು. ಹತ್ತಿ ಬಿಡಿಸಲು, ಮೆಣಸಿನಕಾಯಿ ಕೀಳಲು, ನಾಟಿ ಹಚ್ಚಲು ಹೋಗುವ ಹೆಣ್ಣುಮಕ್ಕಳು ಬುತ್ತಿ ಗಂಟಿನೊಂದಿಗೆ ಒಳಗೂ ಹೊರಗೂ ತುಂಬಿರುತ್ತಾರೆ. ಕೈ ತೋರಿಸಿದಲ್ಲಿ ಅದು ನಿಲ್ಲುತ್ತದೆ, ಇಂಡಿಕೇಟರ್ ಇರುವುದಿಲ್ಲ, ಇದ್ದರೂ ಎಡಕ್ಕೆ ಮಿನುಗಿಸಿ ಬಲಕ್ಕೆ ಹೋದ ಉದಾಹರಣೆ ಉಂಟು. ಅದರ ಹಿಂದೆ ಬೈಕ್ ಅಂಟಿಸಬಾರದು. ಆ ಗಾಡಿಯಲ್ಲಿರುವವರು ದಿನದ ಕೂಲಿಗೆ ಹೋಗುತ್ತಿದ್ದಾರೆ, ನೀವು ತಿರುಗಾಟಕ್ಕೆ ಬಂದಿದ್ದೀರಿ. ದಾರಿ ಯಾರು ಬಿಡಬೇಕು ಎಂಬುದರಲ್ಲಿ ಅನುಮಾನವೇನಿಲ್ಲ.

ಇನ್ನು ಕುರಿ ಹಿಂಡು. ಹಿಂಡಿನ ಅರ್ಧ ದಾಟಿರುವಾಗ ನಡುವೆ ಹಾರ್ನ್ ಹಾಕಿದರೆ ಉಳಿದರ್ಧ ಮುಂದಿನವನ್ನು ಹಿಂಬಾಲಿಸಿ ನುಗ್ಗಿಯೇ ನುಗ್ಗುತ್ತವೆ. ಇಂಜಿನ್ ಬಂದ್ ಮಾಡಿ ನಿಲ್ಲಿ. ಕುರಿ ಕಾಯುವವನು ನಗುತ್ತಾನೆ, ಎಲ್ಲಿಂದ ಬಂದಿರಿ ಎಂದು ಕೇಳುತ್ತಾನೆ. ಯಾವ ಕಡೆ ದಾರಿ ಕೆಟ್ಟಿದೆ, ಯಾವ ಹಳ್ಳ ತುಂಬಿದೆ ಎಂಬುದು ಫೋನಿನ ನಕ್ಷೆಗಿಂತ ಅವನಿಗೆ ಚೆನ್ನಾಗಿ ಗೊತ್ತು.

ಸೂರ್ಯ ಬೆನ್ನಿಗಿದ್ದರೆ

ಯಾದಗಿರಿಯಿಂದ ಶಹಾಪುರ ನೇರ ಪಶ್ಚಿಮಕ್ಕಿದೆ. ಬೆಳಗ್ಗೆ ಹೊರಟು ಸಂಜೆ ಮರಳಿದರೆ ಎರಡೂ ಹೊತ್ತು ಸೂರ್ಯ ಬೆನ್ನಿಗೇ ಇರುತ್ತಾನೆ. ಫೋಟೊ ತೆಗೆಯುವವರಿಗೆ ಇದು ವರ. ಭೀಮಾ ಸೇತುವೆ ದಾಟುವಾಗ ನೀರಿನ ಮೇಲಿನ ಬೆಳಕು, ಹಿಂದೆ ಯಾದಗಿರಿ ಕೋಟೆಯ ಬೆಟ್ಟ. ಆದರೆ ಒಂದು ಮಾತು ಮರೆಯಬಾರದು: ನಿಮ್ಮ ಬೆನ್ನಿಗಿರುವ ಸೂರ್ಯ ಎದುರಿನಿಂದ ಬರುವವನ ಕಣ್ಣಿಗಿದ್ದಾನೆ. ನಿಮಗೆ ಎಲ್ಲವೂ ನಿಚ್ಚಳ, ಅವನಿಗೆ ನೀವು ಕಾಣುತ್ತಲೇ ಇಲ್ಲ. ಅವನು ಮುಂದಿನ ಟ್ರ್ಯಾಕ್ಟರನ್ನು ಹಿಂದೆ ಹಾಕಲು ನಿಮ್ಮ ಪಾಲಿನ ರಸ್ತೆಗೆ ಬಂದರೆ ತಪ್ಪು ಯಾರದು ಎಂದು ಲೆಕ್ಕ ಹಾಕುವಷ್ಟು ಸಮಯ ಇರುವುದಿಲ್ಲ. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟ್ ಹಗಲೂ ಉರಿಯುವಂತೆ ಮಾಡಿದ್ದು ಇಂಥ ಹೊತ್ತಿಗೇ. ಹಗಲಿನಲ್ಲಿ ದೀಪ ಯಾಕೆ ಎಂದು ತಂತಿ ಕತ್ತರಿಸಿ ಸ್ವಿಚ್ ಹಾಕಿಸಿಕೊಳ್ಳುವವರು ನಮ್ಮಲ್ಲಿದ್ದಾರೆ. ಏನು ಹೇಳುವುದು!

ಬಿಸಿಲು ಇನ್ನೊಂದು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಗಾಡಿ ಓಡಿಸಿದರೆ ಗಾಳಿ ತಂಪಾಗುತ್ತದೆ ಎಂಬುದು ಬೆಂಗಳೂರಿನ ಅನುಭವ. ಗಾಳಿ ಮೈಗಿಂತ ಬಿಸಿಯಾದಾಗ ಅದು ಮೈಯನ್ನು ತಣಿಸುವುದಿಲ್ಲ, ಕಾಯಿಸುತ್ತದೆ. ಬೆವರು ಹರಿಯುವ ಮೊದಲೇ ಆರಿಹೋಗುವುದರಿಂದ ನೀರು ಕಳೆದುಕೊಂಡದ್ದು ತಿಳಿಯುವುದೂ ಇಲ್ಲ. ತಿಳಿಯುವ ಹೊತ್ತಿಗೆ ತಲೆ ಮಂಕಾಗಿ, ಬ್ರೇಕ್ ಹಿಡಿಯುವುದು ಅರ್ಧ ಸೆಕೆಂಡ್ ತಡವಾಗಿರುತ್ತದೆ. ತುಂಬು ತೋಳಿನ ಅಂಗಿ, ಒಳಗೆ ಒದ್ದೆ ಬನಿಯನ್, ಕುತ್ತಿಗೆಗೆ ಒದ್ದೆ ಟವೆಲ್ಲು. ಹೊಲದ ಜನ ಮೈಮುಚ್ಚುವುದು ಸುಮ್ಮನೆ ಅಲ್ಲ. ಹಾದಿಯಲ್ಲಿ ಮಜ್ಜಿಗೆ, ಉಪ್ಪು–ಸಕ್ಕರೆ ನೀರು. ಹನ್ನೊಂದರಿಂದ ನಾಲ್ಕರವರೆಗೆ ಯಾವುದಾದರೂ ಗುಡಿಯ ಕಟ್ಟೆಯ ಮೇಲೆ ಮಲಗುವುದು ಸೋಮಾರಿತನವಲ್ಲ. ಈ ಸೀಮೆಗೆ ಬರಲು ಹೇಳಿದ ಕಾಲ ಅಕ್ಟೋಬರಿನಿಂದ ಫೆಬ್ರುವರಿ. ಹಿಂಗಾರಿ ಜೋಳ ಎದ್ದಿರುತ್ತದೆ, ತೊಗರಿ ಹೂವಿನಲ್ಲಿರುತ್ತದೆ. ಎಳ್ಳ ಅಮಾವಾಸ್ಯೆಯ ದಿನ ಬಂದರಂತೂ ಜನವೆಲ್ಲ ಹೊಲದಲ್ಲಿ. ಚರಗ ಚೆಲ್ಲಿ, ಸಜ್ಜಿರೊಟ್ಟಿ, ಭಜ್ಜಿ, ಎಣ್ಣೆಗಾಯಿ ಬಿಚ್ಚಿ ಕೂತವರು ದಾರಿಹೋಕರನ್ನೂ ‘ಬರ್ರೀ, ಉಂಡು ಹೋಗ್ರೀ’ ಎಂದು ಕರೆಯುತ್ತಾರೆ. ಉಂಡ ಮೇಲೆ ಅರ್ಧ ತಾಸು ಗಾಡಿ ಮುಟ್ಟಬೇಡಿ, ಆ ಊಟಕ್ಕೆ ನಿದ್ದೆ ಬರುತ್ತದೆ.

ಶಹಾಪುರದಿಂದ ದಾರಿ ಎರಡು ಮೂರಾಗಿ ಕವಲೊಡೆಯುತ್ತದೆ. ಊರ ಹತ್ತಿರವೇ ವಿಭೂತಿಹಳ್ಳಿ. ಹೊಲದಲ್ಲಿ ಬಂಡೆಗುಂಡುಗಳು ಬಿದ್ದಿವೆ ಅನಿಸುತ್ತದೆ. ನಡುವೆ ನಿಂತು ನೋಡಿದರೆ ಅವು ಸಾಲುಸಾಲಾಗಿ, ಲೆಕ್ಕ ಹಾಕಿ ಇಟ್ಟಂತಿರುವುದು ತಿಳಿಯುತ್ತದೆ. ಇವು ಬೃಹತ್ ಶಿಲಾಯುಗದ ಜನ ಇಟ್ಟ ಕಲ್ಲುಗಳು. ಯಾಕೆ ಇಟ್ಟರೆಂಬ ಬಗ್ಗೆ ವಿದ್ವಾಂಸರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಹೆದ್ದಾರಿಯ ಮೇಲಿಂದ ನೋಡಿದವನಿಗೆ ಇದೂ ಬುದ್ಧನ ಹಾಗೆಯೇ, ಏನೂ ಅಲ್ಲ. ಇನ್ನೊಂದು ದಿಕ್ಕಿಗೆ ಗೋಗಿ. ಬಿಜಾಪುರದ ಆದಿಲಶಾಹಿಯ ಮೊದಲ ದೊರೆ ಯೂಸುಫ್ ಆದಿಲ್‌ಖಾನನ ಗೋರಿ ಇರುವುದು ಬಿಜಾಪುರದಲ್ಲಲ್ಲ, ಈ ಊರಿನ ಚಂದಾ ಹುಸೇನಿ ದರ್ಗಾದ ಆವರಣದಲ್ಲಿ. ಗೋಳಗುಮ್ಮಟ ನೋಡಿದ ಲಕ್ಷಾಂತರ ಜನರಲ್ಲಿ ಎಷ್ಟು ಮಂದಿ ಗೋಗಿಗೆ ಬಂದಿದ್ದಾರೋ! ಇಂಥ ಒಳದಾರಿಗಳಲ್ಲಿ ಹಳ್ಳಿ ಬಂತೆಂದರೆ ಹಂಪು ಬಂತು ಎಂದು ತಿಳಿಯಬೇಕು. ಬಣ್ಣ ಬಳಿದಿರುವುದಿಲ್ಲ, ಫಲಕ ಇರುವುದಿಲ್ಲ. ಊರಿನವರೇ ಮಣ್ಣು, ಕಲ್ಲು ಹಾಕಿ ಎಬ್ಬಿಸಿದ್ದೂ ಇರುತ್ತದೆ. ಮಗುವೊಂದಕ್ಕೆ ಗಾಡಿ ತಾಗಿದ ಮೇಲೆ ಎದ್ದ ಹಂಪು ಅದು ಎಂದು ವಿಚಾರಿಸಿದರೆ ತಿಳಿಯುತ್ತದೆ.

ಶಹಾಪುರ–ಸುರಪುರ ರಸ್ತೆ ಜೇವರ್ಗಿಯಿಂದ ಚಾಮರಾಜನಗರದವರೆಗೆ ಹೋಗುವ 150ಎ ರಾಷ್ಟ್ರೀಯ ಹೆದ್ದಾರಿಯ ತುಂಡು. ಇಲ್ಲಿ ದೂರದ ಲಾರಿಗಳು, ರಾತ್ರಿ ಬಸ್ಸುಗಳು ಓಡುತ್ತವೆ. ಹತ್ತಿಗೂಡೂರು ಕ್ರಾಸಿನಲ್ಲಿ ದೇವದುರ್ಗದ ದಾರಿ ಕೂಡುತ್ತದೆ. ಆ ದಾರಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ಕೊಳ್ಳೂರು (ಎಂ) ಸೇತುವೆ. ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟಾಗ ಆ ಸೇತುವೆ ಮುಳುಗಿದ ಸುದ್ದಿ ಮಳೆಗಾಲದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅದನ್ನು ನೋಡಲು ಬೈಕ್ ಏರಿ ಹೋಗುವವರ ಸುದ್ದಿಯೂ ಬರುತ್ತದೆ. ಮೊಳಕಾಲೆತ್ತರದ ಓಡುವ ನೀರು ಗಾಡಿಯನ್ನೂ ಸವಾರನನ್ನೂ ಒಟ್ಟಿಗೇ ಬದಿಗೆ ತಳ್ಳಬಲ್ಲದು, ನೀರಿನ ಕೆಳಗೆ ಡಾಂಬರು ಉಳಿದಿದೆಯೋ ಕೊಚ್ಚಿಹೋಗಿದೆಯೋ ಮೇಲಿನಿಂದ ಗೊತ್ತಾಗುವುದಿಲ್ಲ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದಾಗ ಅದರ ದಂಡೆಯ ಊರುಗಳು ಕಂಡದ್ದು ಇನ್ನೂ ಜನರ ನೆನಪಿನಲ್ಲಿದೆ. ಸೇತುವೆಗೆ ಪೊಲೀಸರು ಅಡ್ಡ ಹಾಕಿದ್ದರೆ ತಿರುಗಿ ಬನ್ನಿ.

ಸುರಪುರ, ಮತ್ತದರ ಆಚೆ

ಸುರಪುರ ಹತ್ತಿರವಾದಂತೆ ಬಯಲು ಮಡಚಿಕೊಂಡು ಗುಡ್ಡವಾಗುತ್ತದೆ. ಈ ಪಯಣದಲ್ಲಿ ಏರು, ಇಳಿತ, ತಿರುವು ಎನ್ನುವಂಥದ್ದು ಸಿಗುವುದು ಇಲ್ಲೇ. ಬೇಡ ನಾಯಕರು ಈ ಜಾಗವನ್ನು ರಾಜಧಾನಿಯಾಗಿ ಆರಿಸಿಕೊಂಡದ್ದು ಕಣ್ಣಿಗೆ ಹಿತವೆಂದಲ್ಲ, ಶತ್ರುವಿಗೆ ಕಷ್ಟವೆಂದು. ಮಗ್ಗುಲಲ್ಲೇ ಇರುವ ವಾಗಿನಗೇರಾ ಕೋಟೆಯನ್ನು ಹಿಡಿಯಲು 1705ರಲ್ಲಿ ಮೊಘಲ್ ಚಕ್ರವರ್ತಿ ಔರಂಗಜೇಬ್ ಖುದ್ದಾಗಿ ಬಂದ. ಅವನ ಬದುಕಿನ ಕೊನೆಯ ಮುತ್ತಿಗೆ ಅದು. ಕೋಟೆ ಬಿತ್ತು, ನಾಯಕರು ತಪ್ಪಿಸಿಕೊಂಡರು, ಮುದುಕ ಬಾದಶಹ ಕೃಷ್ಣೆಯ ಕಡೆಯ ದೇವಾಪುರದ ಬಿಡಾರದಲ್ಲಿ ಹಾಸಿಗೆ ಹಿಡಿದ. ಎರಡು ವರ್ಷಕ್ಕೆ ತೀರಿಕೊಂಡ.

ಊರ ಗುಡ್ಡದ ಮೇಲೆ ಟೇಲರ್ ಮಂಜಿಲ್. ಫಿಲಿಪ್ ಮೆಡೋಸ್ ಟೇಲರ್ 1840ರ ದಶಕದಲ್ಲಿ ಇಲ್ಲಿ ರಾಜಕೀಯ ಏಜೆಂಟನಾಗಿ ಬಂದು, ಎಳೆಯ ರಾಜಾ ವೆಂಕಟಪ್ಪ ನಾಯಕನ ಪಾಲಕನಾಗಿ ಕಟ್ಟಿಸಿಕೊಂಡ ಮನೆ. ಮುಂದೆ 1858ರಲ್ಲಿ ಅದೇ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದು, ಸೆರೆಯಾಗಿ, ಪ್ರಾಣ ಕಳೆದುಕೊಂಡ. ಟೇಲರನದು ವಿಚಿತ್ರ ಆಸಕ್ತಿಗಳ ಜೀವ. ರಾಜ್ಯವಾಳುವುದರ ಜೊತೆಗೆ ಸುರಪುರ ಸಂಸ್ಥಾನದ ಕಲ್ಮನೆ, ಕಲ್ಸಾಲುಗಳನ್ನು ಹುಡುಕಿಕೊಂಡು ಅಲೆದ, ಚಿತ್ರ ಬರೆದ, 1850ರ ದಶಕದಲ್ಲಿ ಅವುಗಳ ಬಗ್ಗೆ ಲೇಖನ ಪ್ರಕಟಿಸಿದ. ರಾಜನಕೋಳೂರಿನ ಕಲ್ಮನೆಗಳು ಆಗ ಹೊರಲೋಕಕ್ಕೆ ತಿಳಿದವು. ಜನ ಅವನ್ನು ‘ಮೋರೇರ ಮನಿ’ ಎನ್ನುತ್ತಾರೆ. ಮಂಜಿಲ್‌ಗೆ ಏರುವ ದಾರಿ ಕಡಿದು. ಇಳಿಯುವಾಗ ಇಂಜಿನ್ ಬಂದ್ ಮಾಡಿ, ಗೇರು ತೆಗೆದು ಪೆಟ್ರೋಲ್ ಉಳಿಸುವ ಜಾಣತನ ಬೇಡ. ಇಳಿಜಾರಿನಲ್ಲಿ ಎರಡನೆಯ ಗೇರು ಅರ್ಧ ಬ್ರೇಕ್ ಇದ್ದ ಹಾಗೆ, ಬ್ರೇಕ್ ಕಾದು ಕೈಕೊಡುವುದೂ ತಪ್ಪುತ್ತದೆ. ಸುರಪುರದ ಓಣಿಗಳಲ್ಲಿ ಗಾಡಿ ಬಿಟ್ಟು ನಡೆದರೆ ಒಳ್ಳೆಯದು. ವೇಣುಗೋಪಾಲಸ್ವಾಮಿ ಗುಡಿ, ಅರಮನೆ, ಚಿನ್ನದ ಬಣ್ಣ ಹಚ್ಚಿದ ಸುರಪುರ ಚಿತ್ರಕಲೆಯ ಊರು ಇದು. ಗಾಡಿಯ ಮೇಲಿಂದ ಕಾಣುವುದು ಬರೀ ಅಂಗಡಿ ಫಲಕ.

ಹತ್ತು ಹನ್ನೆರಡು ಕಿಲೋಮೀಟರ್ ದೂರದ ಬೋನಾಳ ಕೆರೆಗೆ ಹಕ್ಕಿ ನೋಡಲು ಚಳಿಗಾಲದ ಬೆಳಗ್ಗೆ ಹೋಗಬೇಕು. ಸೈಲೆನ್ಸರ್ ಬದಲಿಸಿ ಗುಡುಗು ಹಾಕಿಸಿಕೊಂಡವರು ಹೋಗದಿದ್ದರೆ ಹಕ್ಕಿಗಳಿಗೂ ಪುಣ್ಯ, ನೋಡಲು ಬಂದ ಉಳಿದವರಿಗೂ. ಆ ಶಬ್ದ ಮೋಟಾರು ವಾಹನ ಕಾಯ್ದೆಗೆ ವಿರುದ್ಧ ಎಂಬುದನ್ನು ಬೇರೆ ಹೇಳಬೇಕೆ?

ಹುಣಸಗಿ ಕಡೆ ತಿರುಗಿದರೆ ನೆಲದ ಬಣ್ಣವೇ ಬದಲಾಗುತ್ತದೆ. ಬಂಡೆ ಹೋಗಿ ಸುಣ್ಣಕಲ್ಲು ಬರುತ್ತದೆ. ಹುಣಸಗಿಯ ಬಳಿಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಸಂಗಡಿಗರು ನಡೆಸಿದ ಉತ್ಖನನದಲ್ಲಿ ಆದಿಮಾನವರು ಕಲ್ಲಿನ ಆಯುಧ ಮಾಡುತ್ತಿದ್ದ ಜಾಗವೇ ಸಿಕ್ಕಿತು. ಅದರ ಕಾಲ ಸುಮಾರು 12 ಲಕ್ಷ ವರ್ಷ ಹಿಂದೆ ಎಂಬ ಅಂದಾಜಿದೆ. ಹನಮಸಾಗರದ ಹೊಲಗಳಲ್ಲಿ ವಿಭೂತಿಹಳ್ಳಿಗಿಂತ ದೊಡ್ಡ ಕಲ್ಸಾಲು ಇದೆ. ಕಲ್ಲು ಎತ್ತಿಕೊಂಡು ಜೇಬಿಗೆ ಹಾಕಬೇಡಿ. ಕೊನೆಗೆ ನಾರಾಯಣಪುರ. 1982ರಲ್ಲಿ ಮುಗಿದ ಬಸವಸಾಗರ ಜಲಾಶಯಕ್ಕೆ 30 ಗೇಟು, ಕಟ್ಟೆಯ ಉದ್ದ ಹತ್ತು ಕಿಲೋಮೀಟರಿಗೂ ಹೆಚ್ಚು. ಆಗಸ್ಟಿನಲ್ಲಿ ಗೇಟು ತೆರೆದಾಗ ಜನ ಮುಗಿಬೀಳುತ್ತಾರೆ. ರಸ್ತೆಯ ಮೇಲೇ ಗಾಡಿ, ಗಾಡಿಯ ಮೇಲೇ ಮೂರು ಜನ, ಮೂವರ ಕೈಯಲ್ಲೂ ಮೊಬೈಲು. ಅಲ್ಲೇ ಹತ್ತಿರದ ಛಾಯಾ ಭಗವತಿ ಗುಡಿಗೆ ಹೋಗುವವರು ನದಿಯ ಮಟ್ಟ ವಿಚಾರಿಸಿಕೊಂಡೇ ಹೋಗಬೇಕು.

ಸುರಪುರದಿಂದ ದಕ್ಷಿಣಕ್ಕೆ ಹೋದರೆ ತಿಂಥಣಿ, ಮೌನೇಶ್ವರನ ಕ್ಷೇತ್ರ, ಕೃಷ್ಣೆಯ ದೊಡ್ಡ ಸೇತುವೆ. ಸೇತುವೆಯ ಮೇಲೆ ಗಾಡಿ ನಿಲ್ಲಿಸಬಾರದೆಂಬುದು ಎಲ್ಲರಿಗೂ ಗೊತ್ತು, ಎಲ್ಲರೂ ನಿಲ್ಲಿಸುತ್ತಾರೆ. ದಾಟಿ ಆಚೆ ದಂಡೆಯಲ್ಲಿ ನಿಲ್ಲಿಸಿ ನಡೆದು ಬಂದರೆ ನದಿ ಇನ್ನೂ ಚೆನ್ನಾಗಿ ಕಾಣುತ್ತದೆ. ಯಾದಗಿರಿಯ ಪೂರ್ವಕ್ಕೆ ಮೈಲಾಪುರದ ಮೈಲಾರಲಿಂಗ, ಗುರುಮಠಕಲ್ ಕಡೆಯ ದಬ್‌ದಭಿ ಜಲಪಾತ ಬೇರೆಯೇ ಒಂದು ದಿನದ ದಾರಿ. ಸಂಕ್ರಾಂತಿಯ ಜಾತ್ರೆಯಲ್ಲಿ ಮೈಲಾಪುರದ ರಸ್ತೆ ಗಾಡಿಗಳದ್ದಲ್ಲ, ನಡೆಯುವವರದ್ದು. ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ಹೊರಟ ಪಾದಯಾತ್ರಿಗಳೂ ಬಿಸಿಲು ತಪ್ಪಿಸಲು ರಾತ್ರಿಯೇ ನಡೆಯುತ್ತಾರೆ.

ರಾತ್ರಿಯ ಮಾತು ಬಂತು. ಬ್ರೇಕ್ ಹಾಕಬೇಕೆಂದು ತಲೆಗೆ ಹೊಳೆದು ಕೈ ಒತ್ತುವಷ್ಟರಲ್ಲಿ ಒಂದು ಸೆಕೆಂಡ್ ಎಂದರೂ 60ರ ವೇಗದಲ್ಲಿ 17 ಮೀಟರ್ ಹೋಯಿತು. ಒಣ ಡಾಂಬರಿನ ಮೇಲೆ ನಿಲ್ಲಲು ಇನ್ನೊಂದು 23 ಮೀಟರ್ ಬೇಕು. ಒಟ್ಟು ನಲವತ್ತು. 80ರಲ್ಲಿ ಅದು ಅರವತ್ತು ದಾಟುತ್ತದೆ. ಡಿಮ್ ಮಾಡಿದ ಹೆಡ್‌ಲೈಟಿನ ಬೆಳಕು ನಲವತ್ತು ಮೀಟರ್ ಆಚೆ ಸರಿಯಾಗಿ ಬೀಳುವುದಿಲ್ಲ. ಎದುರಿನವನು ಡಿಮ್ ಮಾಡದಿದ್ದರೆ ಹತ್ತೂ ಕಾಣುವುದಿಲ್ಲ. ಆ ಕತ್ತಲಿನಲ್ಲಿ ಹಿಂದೆ ಕೆಂಪು ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್, ಕೆಟ್ಟು ನಿಂತ ಲಾರಿ, ಎತ್ತಿನ ಬಂಡಿ, ಆಗಲೇ ಹೇಳಿದ ಕಲ್ಲಿನ ಸಾಲು. ಎಬಿಎಸ್ ಇದ್ದರೆ ಚಕ್ರ ಕಟ್ಟಿಹೋಗುವುದಿಲ್ಲ, ನಿಜ. ಕಾಣದ್ದನ್ನು ಅದೂ ಕಾಣಿಸುವುದಿಲ್ಲ. ಕತ್ತಲಾದರೆ ಶಹಾಪುರದಲ್ಲೋ ಸುರಪುರದಲ್ಲೋ ಉಳಿದುಬಿಡಿ. ಲಾಡ್ಜು ಸಾಧಾರಣ, ಜೋಳದ ರೊಟ್ಟಿಯ ಖಾನಾವಳಿ ಚೆನ್ನಾಗಿರುತ್ತವೆ.

ಇಷ್ಟೆಲ್ಲ ಹೊರಗಿನಿಂದ ಬರುವ ಸವಾರರಿಗೆ ಹೇಳಿದ್ದಾಯಿತು. ಆದರೆ ಮೊಣಕಾಲಿಗೆ ಕವಚ, ಮೈಗೆ ಜಾಕೆಟ್ ಹಾಕಿಕೊಂಡು ವರ್ಷಕ್ಕೊಮ್ಮೆ ಬರುವವರಿಗಿಂತ ಈ ರಸ್ತೆಯಲ್ಲಿ ದಿನವೂ ಓಡಾಡುವ ಫಟಫಟಿಯವರ ಸಂಖ್ಯೆ ದೊಡ್ಡದು. ಹಾಲಿನ ಕ್ಯಾನು, ಔಷಧ ಹೊಡೆಯುವ ಪಂಪು, ಮೇವಿನ ಹೊರೆ, ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕೂತ ಹೆಂಡತಿ, ಟ್ಯಾಂಕಿನ ಮೇಲೆ ಮಗು. ತಲೆಗೆ ಟವೆಲ್ಲು. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491. ಅವರಲ್ಲಿ ದ್ವಿಚಕ್ರದವರೇ 74,897. ಹೆಲ್ಮೆಟ್ ಇಲ್ಲದೆ ಸತ್ತವರು ಐವತ್ತು ಸಾವಿರಕ್ಕೂ ಮಿಗಿಲು, ಅದರಲ್ಲಿ ಹದಿನಾಲ್ಕು ಸಾವಿರಕ್ಕಿಂತ ಹೆಚ್ಚು ಜನ ಹಿಂದೆ ಕುಳಿತವರು. ಹಿಂದೆ ಕುಳಿತವರಿಗೆ ಹೆಲ್ಮೆಟ್ ಬೇಡ ಎಂಬ ನಂಬಿಕೆ ಎಲ್ಲಿಂದ ಬಂತೋ! ನಾಲ್ಕು ವರ್ಷ ಮೀರಿದ ಮಗುವಿಗೂ ಅದು ಕಡ್ಡಾಯ. ಅದಕ್ಕಿಂತ ಚಿಕ್ಕ ಮಗು ಗಾಡಿಯ ಮೇಲಿದ್ದರೆ ಸವಾರನಿಗೆ ಕಟ್ಟಿಕೊಳ್ಳುವ ಪಟ್ಟಿ ಬೇಕು, ವೇಗ 40 ದಾಟುವಂತಿಲ್ಲ. ದಂಡ ತಪ್ಪಿಸಲು ರಸ್ತೆ ಬದಿಯಲ್ಲಿ ಮಾರುವ ಚಿಪ್ಪಿನಂಥ ಟೊಪ್ಪಿಗೆ ಪೊಲೀಸರ ಕಣ್ಣಿಗೆ ಸಾಕಾಗಬಹುದು, ಬಂಡೆಗೆ ಸಾಕಾಗದು. ಐಎಸ್‌ಐ ಗುರುತು ನೋಡಿ, ಗದ್ದದ ಕೆಳಗೆ ಪಟ್ಟಿ ಬಿಗಿದು ಹಾಕಬೇಕು. ಚೆಂದ ಕಾಣುವುದಿಲ್ಲವೆಂದು ಶೋರೂಮಿನಲ್ಲೇ ಸೀರೆ ಗಾರ್ಡ್ ಬಿಚ್ಚಿಸುವವರು ಮನೆಯ ಹೆಣ್ಣುಮಕ್ಕಳನ್ನೊಮ್ಮೆ ಕೇಳಿ ಬಿಚ್ಚಿಸಲಿ.

ಯಾರಾದರೂ ಬಿದ್ದದ್ದು ಕಂಡರೆ 108ಕ್ಕೆ ಫೋನ್ ಮಾಡಿ. ಬಿದ್ದವರ ತಲೆ, ಕುತ್ತಿಗೆ ಅಲುಗಿಸದೆ, ಹೆಲ್ಮೆಟ್ ಎಳೆಯದೆ, ಹಿಂದಿನಿಂದ ಬರುವ ಗಾಡಿಗಳನ್ನು ತಡೆದು ನಿಲ್ಲಿ. ಸಹಾಯ ಮಾಡಿದರೆ ಕೋರ್ಟು ಕಚೇರಿ ಅಲೆಯಬೇಕೆಂಬ ಹೆದರಿಕೆ ಹಳ್ಳಿಗಳಲ್ಲಿ ಇನ್ನೂ ಇದೆ. 2016ರ ಸುಪ್ರೀಂ ಕೋರ್ಟ್ ಆದೇಶ, ಆಮೇಲೆ 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಂ ಆ ಹೆದರಿಕೆಗೆ ಕಾರಣ ಉಳಿಸಿಲ್ಲ. ನೆರವಾದವರು ಹೆಸರು ಹೇಳಲೇಬೇಕೆಂಬ ಬಲವಂತವೂ ಇಲ್ಲ.

ಇನ್ನು ಶಹಾಪುರದಿಂದ ಭೀಮಾ ದಾಟಿ ಕಲಬುರಗಿ ಜಿಲ್ಲೆಯ ಸನ್ನತಿಗೆ ಹೋಗಬೇಕೇ ಎಂಬ ಪ್ರಶ್ನೆ ಬಂದವರೆಲ್ಲರಿಗೂ ಏಳುತ್ತದೆ. ಚಂದ್ರಲಾ ಪರಮೇಶ್ವರಿ ಗುಡಿ, ಅಶೋಕನ ಶಾಸನ, ಪಕ್ಕದ ಕನಗನಹಳ್ಳಿಯಲ್ಲಿ ‘ರಾಯೊ ಅಸೋಕೊ’ ಎಂದು ಬರೆದ ಅಶೋಕನ ಶಿಲ್ಪ. ಬೆಟ್ಟದ ಬುದ್ಧ ಪ್ರಕೃತಿಯ ಆಟವಾದರೆ ಅಲ್ಲಿನದು ಬೌದ್ಧರು ನಿಜವಾಗಿಯೂ ಕಟ್ಟಿದ್ದ ಮಹಾಸ್ತೂಪ. ಹುರಸಗುಂಡಗಿಯ ಬಳಿಯ ಬ್ಯಾರೇಜ್ ಮೇಲಿಂದ ದಾರಿಯಿದೆ. ಹೋಗಲೇಬೇಕು, ಆದರೆ ಮರುದಿನ, ಬೆಳಗ್ಗೆ, ಚೈನಿಗೆ ಎಣ್ಣೆ ಬಿಟ್ಟು, ಟೈರಿನ ಗಾಳಿ ನೋಡಿ. ಶಹಾಪುರದಲ್ಲಿ ಪಂಚರ್ ಅಂಗಡಿಗಳು ಬೇಗ ತೆರೆಯುತ್ತವೆ.